ಸಂತಾಪದ ಲಕೋಟೆ

ಭಾನುವಾರ ಬೆಳಿಗ್ಗೆ ಕುಸಾಕಾ ಮುಖ ತೊಳೆಯುವುದನ್ನೂ ಮರೆತು ಒಂದು ಅನ್ನದ ಕುಕ್ಕರಿನ ಚಿತ್ರವನ್ನು ನೋಡುತ್ತ ಕೂತಿದ್ದ. ಉಡುಗೊರೆ ಪುಸ್ತಕದ ನಲವತ್ತೊಂದನೇ ಪುಟ. ಎದುರು ಪುಟದಲ್ಲಿ ಒಣಮೀನಿನ ಪೆಟ್ಟಿಗೆ, ಅದರ ಕೆಳಗೆ ಗಂಡಸರದೊಂದು ಹೆಂಗಸರದೊಂದು ಛತ್ರಿ. ಬೇಕಾದ್ದನ್ನು ಆರಿಸಿ ಅದರ ಸಂಖ್ಯೆಯನ್ನು ಅಂಚೆ ಕಾರ್ಡಿನಲ್ಲಿ ಬರೆದು ಹಾಕಿದರೆ ಸಾಮಾನು ಬಾಗಿಲಿಗೆ ಬರುತ್ತದೆ. ಸಾವಿನ ಮನೆಗೆ ಲಕೋಟೆಯಲ್ಲಿಟ್ಟು ಕೊಟ್ಟ ಹಣದ ಅರ್ಧ ಬೆಲೆಯ ವಸ್ತು, ನಲವತ್ತೊಂಬತ್ತನೇ ದಿನ ಕಳೆದ ಮೇಲೆ, ಕೊಟ್ಟವನ ಮನೆಗೆ ಹಿಂದಿರುಗಿ ಬರಬೇಕು; ಇಲ್ಲದಿದ್ದರೆ ಸತ್ತವರು ಸಾಲ ಹೊತ್ತುಕೊಂಡು ಹೋದಂತೆ. ಮನೆಯೊಡತಿ ಇಗರಾಶಿ ಅಜ್ಜಿ ಸತ್ತದ್ದು ಜನವರಿಯಲ್ಲಿ. ಪುಸ್ತಕ ಬಂದು ಹನ್ನೆರಡು ದಿನವಾಗಿತ್ತು. ಹನ್ನೆರಡು ದಿನದಿಂದ ಕುಸಾಕಾ ಕುಕ್ಕರಿಗೂ ಒಣಮೀನಿಗೂ ನಡುವೆ ಅಲೆಯುತ್ತಿದ್ದ, ಯಾಕೆಂದರೆ ಅದೇ ಕಟ್ಟಿನಲ್ಲಿ ಇನ್ನೊಂದು ಕಾಗದವೂ ಇತ್ತು. ಅಜ್ಜಿಯ ಮಗ ಬರೆದದ್ದು. ಮೊದಲ ಭಾಗದಲ್ಲಿ, ತಾಯಿಯ ಅಂತ್ಯಕ್ರಿಯೆಗೆ ಬಂದು ಅಷ್ಟು ದೊಡ್ಡ ಮನಸ್ಸು ತೋರಿಸಿದ್ದಕ್ಕೆ ಕೃತಜ್ಞತೆ. ಎರಡನೇ ಭಾಗದಲ್ಲಿ, ಜೂನ್ ತಿಂಗಳಿಂದ ಎರಡನೇ ನಂಬರಿನ ಕೋಣೆಯ ಬಾಡಿಗೆ ಐವತ್ತೆಂಟು ಸಾವಿರ ಯೆನ್ನಿನ ಬದಲು ಎಪ್ಪತ್ತೆರಡು ಸಾವಿರ. ಎರಡಕ್ಕೂ ಒಂದೇ ಪೆನ್ನು, ಒಂದೇ ವಿನಯ. ಇಪ್ಪತ್ತೇಳು ವರ್ಷದಲ್ಲಿ ಅಜ್ಜಿ ಒಂದು ಸಲವೂ ಬಾಡಿಗೆ ಏರಿಸಿರಲಿಲ್ಲ. ಆ ಸಂತೋಷದಲ್ಲೇ ಇವನಿಗೆ ಅರವತ್ತೇಳಾಗಿ ಹೋಗಿತ್ತು.

ಎಪ್ಪತ್ತೆರಡು ಕೊಟ್ಟರೆ ಪಿಂಚಣಿಯಲ್ಲಿ ಉಳಿಯುವುದು ಕರೆಂಟಿಗೆ ಸಾಕು, ಅನ್ನಕ್ಕೆ ಸಾಲದು. ಬೇರೆ ಮನೆ ನೋಡೋಣವೆಂದು ಹೋದ ವಾರ ನಿಲ್ದಾಣದ ಹತ್ತಿರದ ಬಾಡಿಗೆ ಮನೆಗಳ ಅಂಗಡಿಗೂ ಹೋಗಿದ್ದ. ಅಲ್ಲಿದ್ದವನು ಇವನ ವಯಸ್ಸಿನ ಜಾಗಕ್ಕೆ ಬರುವವರೆಗೆ ಚೆನ್ನಾಗಿಯೇ ಮಾತಾಡುತ್ತಿದ್ದ. ‘ಒಬ್ಬರೇನಾ?’ ಎಂದ. ಹೌದೆಂದಾಗ ಪೆನ್ನಿಗೆ ಮುಚ್ಚಳ ಹಾಕಿ ಬಿಸಿ ಚಹಾ ತರಿಸಿದ. ಒಂಟಿ ಮುದುಕ ಕೋಣೆಯಲ್ಲಿ ಸತ್ತು ವಾರದ ಮೇಲೆ ಗೊತ್ತಾದರೆ ಆ ಕೋಣೆಗೆ ಮತ್ತೆ ಯಾರೂ ಬರುವುದಿಲ್ಲ. ಆ ಭಯ ಎಲ್ಲ ಒಡೆಯರಿಗೂ ಇದ್ದದ್ದೇ. ಕುಸಾಕಾ ಚಹಾ ಪೂರ್ತಿ ಕುಡಿದ, ಯಾಕೆಂದರೆ ಅರ್ಧ ಬಿಟ್ಟು ಎದ್ದರೆ ಕೋಪ ಬಂದಿದೆ ಎಂದುಕೊಂಡಾರು. ಈ ಕೋಣೆ ಬಿಟ್ಟರೆ ಅವನಿಗೆ ಇನ್ನೊಂದು ಕೋಣೆ ಇಲ್ಲ. ಆದ್ದರಿಂದ ಇವತ್ತು ಮಧ್ಯಾಹ್ನ ಎರಡಕ್ಕೆ ಇಗರಾಶಿಯವರ ಮನೆಗೆ ಹೋಗಿ ‘ಒಪ್ಪುವುದಿಲ್ಲ’ ಎನ್ನಬೇಕು. ಹನ್ನೆರಡು ದಿನದಿಂದ ಆ ಮಾತನ್ನು ಬಾಯಿಪಾಠ ಮಾಡುತ್ತಿದ್ದಾನೆ. ಪಾತ್ರೆ ತೊಳೆಯುವಾಗ ಚೆನ್ನಾಗಿ ಬರುತ್ತದೆ.

ಧೈರ್ಯ ಹೇಳಿಕೊಟ್ಟವಳು ಶಿಗೆತಾ. ನಿಲ್ದಾಣದ ಕೆಳಗಿನ ಸೈಕಲ್ ಸ್ಟ್ಯಾಂಡಿನಲ್ಲಿ ಇವನ ಜೊತೆ ವಾರಕ್ಕೆ ಮೂರು ದಿನ ಕೆಲಸ ಮಾಡುವ ಎಪ್ಪತ್ತರ ಹೆಂಗಸು. ಸೈಕಲ್ಲುಗಳನ್ನು ಒತ್ತೊತ್ತಾಗಿ ಸರಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಮೊನ್ನೆ ಗುರುವಾರ ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸಾಲು ಸರಿಮಾಡುತ್ತಿದ್ದರು. ಮಾರ್ಚ್ ಬಂತೆಂದರೆ ಬೆಟ್ಟದ ಸುಗಿ ಮರಗಳ ಹೂವಿನ ಧೂಳು ಊರ ಮೇಲೆ ಇಳಿಯುತ್ತದೆ, ಕುಸಾಕಾನ ಕಣ್ಣು ಮೂಗು ಎರಡೂ ಸೋರತೊಡಗುತ್ತವೆ.

“ಆಡ್ಬೇಕಾಗಿರೋದು ಒಂದೇ ಮಾತು ಕುಸಾಕಾಸಾನ್. ಒಪ್ಪಲ್ಲ. ಅಷ್ಟು ಹೇಳಿ ಎದ್ದು ಬನ್ನಿ,” ಎಂದಿದ್ದಳು ಶಿಗೆತಾ. “ಬಾಡಿಗೆಗಿರೋನು ಒಪ್ಪದೆ ಬಾಡಿಗೆ ಏರ್ಸೋಕೆ ಈ ದೇಶದಲ್ಲಿ ಯಾರಪ್ಪನ ಕೈಲೂ ಆಗಲ್ಲ. ಹಳೇದನ್ನೇ ಕೊಡ್ತಾ ಇರಿ. ತಗೊಳ್ಳಲ್ಲ ಅಂತಾರಾ, ಸರ್ಕಾರಿ ಕಚೇರೀಲಿ ಕಟ್ಟಿ ರಸೀದಿ ಇಟ್ಕೊಳ್ಳಿ. ನಾನು ಹನ್ನೊಂದು ತಿಂಗ್ಳು ಹಂಗೇ ಕಟ್ಟಿದೀನಿ. ಕೊನೆಗೆ ನಮ್ಮ ಒಡೆಯನೇ ಮೂಲಂಗಿ ತಗೊಂಡು ಬಂದು ಮಾತಾಡಿಸ್ದ.”

“ಮೂಲಂಗಿನಾ?”

“ಹೂಂ, ಅವನ ಹಿತ್ಲಲ್ಲಿ ಬೆಳ್ದಿದ್ದು. ಬರೀ ಬೆಂಡು. ಆದ್ರೂ ಗೆದ್ದಿದ್ದು ಗೆದ್ದಿದ್ದೇ ಅಲ್ವಾ? ನೋಡಿ, ಎರಡು ವಿಷಯ ನೆನಪಿಟ್ಕೊಳ್ಳಿ. ತಿಂಡಿ ಡಬ್ಬಿ ತಗೊಂಡು ಹೋಗ್ಬೇಡಿ. ಮೊಹರು ಮನೇಲಿ ಬಿಟ್ಟು ಹೋಗಿ. ಡಬ್ಬಿ ಹಿಡ್ಕೊಂಡು ಹೋದ್ರೆ ತಲೆ ಬಗ್ಗಿಸ್ತೀರಿ. ನಿಮ್ಮಂಥೋರು ತಲೆ ಬಗ್ಗಿಸಿದ್ರೆ ಮೊಹರು ತಾನಾಗೇ ಜೇಬಿಂದ ಉದುರುತ್ತೆ.”

ಸಹಿಯ ಬದಲು ಒತ್ತುವ ಮೊಹರು ಹೀಗೆ ಉದುರುವುದನ್ನು ನೆನೆದು ಕುಸಾಕಾ ನಕ್ಕಿದ್ದ. ಅವಳು ನಗಲಿಲ್ಲ. ಒಂದು ಸೈಕಲ್ಲಿನ ಹ್ಯಾಂಡಲನ್ನು ಪಕ್ಕಕ್ಕೆ ತಿರುಗಿಸಿ, “ಅದ್ಸರಿ, ನಿಮಗೊಬ್ರಿಗೇ ಯಾಕೆ ಏರ್ಸಿದಾರೆ? ಕೆಳಗಡೆ ಮನೆ ನರ್ಸಮ್ಮನಿಗೆ ಏರ್ಸಿಲ್ಲ ಅಂದ್ರಲ್ಲ?” ಎಂದಳು. ಕುಸಾಕಾ ಸೀನಿದ. ಎರಡು ಸಲ ಸೀನಿದ. ಆಮೇಲೆ ಮೂಗು ಒರೆಸಿಕೊಳ್ಳುತ್ತ, ಪರವಾನಗಿ ಇಲ್ಲದ ಸೈಕಲ್ಲಿಗೆ ಹಳದಿ ಚೀಟಿ ಅಂಟಿಸಲು ಸ್ಟ್ಯಾಂಡಿನ ಇನ್ನೊಂದು ತುದಿಗೆ ಹೋಗಿಬಿಟ್ಟ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೆ ಧೂಳಿನ ಕಾಲ ಎಷ್ಟು ಅನುಕೂಲ ಎಂದು ಆಗ ಅವನಿಗೆ ಅನ್ನಿಸಿತು.

ನರ್ಸಮ್ಮನಿಗೆ ಬಂದದ್ದು ಪುಸ್ತಕವಲ್ಲ, ಒಂದು ಟವೆಲ್ಲು ಮತ್ತು ಅಚ್ಚು ಹಾಕಿದ ಕೃತಜ್ಞತೆಯ ಚೀಟಿ. ಅವಳು ಲಕೋಟೆಯಲ್ಲಿ ಇಟ್ಟದ್ದು ಮೂರು ಸಾವಿರ. ಬಾಡಿಗೆದಾರರು ಇಡುವುದೇ ಅಷ್ಟು. ತೀರ ಹತ್ತಿರದವರಾದರೆ ಐದು, ಮರ್ಯಾದೆಗಾದರೆ ಹತ್ತು. ಕುಸಾಕಾ ಇಟ್ಟದ್ದು ಐವತ್ತು ಸಾವಿರ. ಕಪ್ಪು ಬಿಳಿ ದಾರ ಕಟ್ಟಿದ ಲಕೋಟೆಯನ್ನು ಅಂತ್ಯಕ್ರಿಯೆಯ ದಿನ ಬಾಗಿಲ ಮೇಜಿನ ಮೇಲೆ ಎರಡೂ ಕೈಯಿಂದ ಇಟ್ಟಾಗ, ಅಲ್ಲಿ ಕೂತಿದ್ದ ಯಾರೋ ಸೋದರಳಿಯ ಮೇಲೆ ಬರೆದ ಮೊತ್ತ ನೋಡಿ, ಇವನ ಮುಖ ನೋಡಿ, ಮತ್ತೊಮ್ಮೆ ಮೊತ್ತ ನೋಡಿದ್ದ. ಪಟ್ಟಿಯಲ್ಲಿ ಬರೆದುಕೊಳ್ಳುವಾಗ ಅವನ ಕುಂಚ ಸ್ವಲ್ಪ ನಿಧಾನವಾಯಿತು. ಆಗ ಕುಸಾಕಾನಿಗೆ ಎದೆಯಿಂದ ಏನೋ ಇಳಿದಂತಾಗಿತ್ತು. ತೀರಿತು ಎಂದುಕೊಂಡ. ಪೂರ್ತಿ ತೀರಿರಲಿಲ್ಲ, ಎಂಟು ಸಾವಿರ ಉಳಿದಿತ್ತು, ಆದರೆ ಸಾವಿನ ಲಕೋಟೆಯಲ್ಲಿ ಐವತ್ತೆಂಟು ಸಾವಿರ ಇಟ್ಟವರನ್ನು ಯಾರಾದರೂ ಕಂಡಿದ್ದಾರೆಯೇ? ಐವತ್ತೆಂಟು ಎಂದರೆ ಬಾಡಿಗೆಯಂತೆ ಕಾಣುತ್ತದೆ. ಅದು ಬಾಡಿಗೆಯೇ ಆಗಿತ್ತು.

ಎರಡು ವರ್ಷದ ಹಿಂದಿನ ಆಗಸ್ಟ್ ಕೊನೆಯ ದಿನ. ಬೇರೆಯವರೆಲ್ಲ ಬಾಡಿಗೆಯನ್ನು ಬ್ಯಾಂಕಿಗೆ ಕಟ್ಟುವ ಕಾಲ ಬಂದರೂ ಕುಸಾಕಾ ಮಾತ್ರ ತಿಂಗಳ ಕೊನೆಗೆ ಹಣವನ್ನು ಕೈಯಲ್ಲಿ ಹಿಡಿದು ಅಜ್ಜಿಯ ಮನೆಗೆ ಹೋಗುತ್ತಿದ್ದ. ಅಂಗೈ ಅಗಲದ ಬಾಡಿಗೆ ಪುಸ್ತಕ, ತಿಂಗಳಿಗೊಂದು ಚೌಕ, ಚೌಕದಲ್ಲಿ ಅಜ್ಜಿಯ ಕೆಂಪು ಮೊಹರು. ಅಜ್ಜಿ ಹಣ ಎಣಿಸುತ್ತಿರಲಿಲ್ಲ, ದೇವರ ಗೂಡಿನ ಮುಂದಿಟ್ಟು ಗಂಡನ ಪಟಕ್ಕೆ ‘ಕುಸಾಕಾಸಾನ್ ಬಂದಿದಾರೆ ನೋಡಿ’ ಎನ್ನುತ್ತಿದ್ದಳು. ಆಮೇಲೆ ಚಹಾ, ಉಪ್ಪಿನಕಾಯಿ ಸೌತೆ. ಆ ವರ್ಷ ಅವಳಿಗೆ ಮರೆವು ಶುರುವಾಗಿತ್ತು. ಸೆಕೆ, ಫ್ಯಾನು ತಿರುಗುತ್ತಿತ್ತು. ಅವಳು ಆಗಸ್ಟಿನ ಚೌಕಕ್ಕೆ ಮೊಹರು ಒತ್ತಿದಳು, ಬಾಯಿಯಿಂದ ಊದಿದಳು, ಮೊಹರನ್ನು ಮತ್ತೆ ಕೆಂಪಿನಲ್ಲಿ ಅದ್ದಿ ಸೆಪ್ಟೆಂಬರಿನ ಚೌಕಕ್ಕೂ ಒತ್ತಿದಳು. ಕುಸಾಕಾ ನೋಡಿದ. ನೋಡಿ ಸೌತೆಯ ಹೋಳೊಂದನ್ನು ಬಾಯಿಗಿಟ್ಟುಕೊಂಡ. ಅದು ಬಾಯಲ್ಲಿ ಕರಕರ ಎನ್ನುತ್ತಿರುವಷ್ಟು ಹೊತ್ತೂ ಮಾತಾಡುವ ಹಾಗಿರಲಿಲ್ಲ. ನುಂಗಿದ ಮೇಲೆ ಹೊತ್ತು ಮೀರಿತ್ತು. ಸೆಪ್ಟೆಂಬರಿನ ಕೊನೆಯ ದಿನ ಅವನು ಕೋಣೆಯಲ್ಲೇ ಕೂತು ಕಬ್ಬಿಣದ ಮೆಟ್ಟಿಲಿನ ಸದ್ದಿಗೆ ಕಿವಿಗೊಟ್ಟ. ಅಜ್ಜಿ ಬರಲಿಲ್ಲ. ಅಕ್ಟೋಬರಿನಲ್ಲಿ ಹೋದಾಗ ‘ಏನು, ಬಹಳ ದಿನವಾಯ್ತಲ್ಲ’ ಎಂದಳು, ಅಷ್ಟೇ. ಹಸಿವಿಗೆ ಕದ್ದಿದ್ದರೆ ಯಾರ ಮುಂದಾದರೂ ಹೇಳಿಕೊಳ್ಳಬಹುದಿತ್ತು. ಆ ಹಣದಲ್ಲಿ ಅವನು ಒಂದು ಜೊತೆ ಬೂಟು ಕೊಂಡ, ಎರಡು ಸಲ ಹಾವುಮೀನಿನ ಊಟ ಮಾಡಿದ, ಮಿಕ್ಕದ್ದು ಹೇಗೋ ಹೋಯಿತು. ಬೂಟು ಕಾಲು ಕಚ್ಚಿತು. ಈಗಲೂ ಬಾಗಿಲ ಬಳಿ ಅದೇ ಇದೆ, ಇವತ್ತು ಅದನ್ನೇ ಹಾಕಿಕೊಂಡು ಹೋಗಬೇಕು, ಬೇರೆ ಬೂಟಿಲ್ಲ.

ಹೀಗೆ ಕೊಟ್ಟ ಐವತ್ತು ಸಾವಿರವನ್ನು ನೋಡಿ ಮಗ ತನ್ನನ್ನು ಅನುಕೂಲಸ್ಥ ಎಂದುಕೊಂಡಿದ್ದಾನೆ. ನರ್ಸಮ್ಮ ಟವೆಲ್ಲು ತೋರಿಸಿದ ದಿನ ಇದು ಕುಸಾಕಾನಿಗೆ ಹೊಳೆದದ್ದು, ಹೊಳೆದಾಗ ಮೆಟ್ಟಿಲ ಮೇಲೆ ಹಾಗೆಯೇ ಕೂತುಬಿಟ್ಟಿದ್ದ. ತಾನು ಬಡವ ಎನ್ನಬೇಕಾದರೆ ಅಷ್ಟು ಹಣ ಯಾಕೆ ಇಟ್ಟೆ ಎಂದು ಹೇಳಬೇಕು. ಅದನ್ನು ಹೇಳಬೇಕಾದರೆ ಸೌತೆಕಾಯಿಯನ್ನೂ ಹೇಳಬೇಕು. ಬಿಸಿ ತುಪ್ಪ ಬಾಯಲ್ಲಿತ್ತು. ಶಿಗೆತಾ ಹೇಳಿದ ದಾರಿ ಇವೆಲ್ಲಕ್ಕಿಂತ ಸುಲಭ: ಕಾರಣ ಕೊಡಬೇಕಾಗಿಲ್ಲ, ಒಪ್ಪುವುದಿಲ್ಲ ಎಂದರೆ ಸಾಕು. ಕುಸಾಕಾ ಎದ್ದು ಮುಖ ತೊಳೆದ. ಕನ್ನಡಿಯಲ್ಲಿ ಕಣ್ಣು ಕೆಂಪಗಿತ್ತು. “ಒಪ್ಪುವುದಿಲ್ಲ,” ಎಂದ. ಚೆನ್ನಾಗಿಯೇ ಬಂತು.

ಮೊಹರು ಮೇಜಿನ ಖಾನೆಯಲ್ಲಿತ್ತು. ಅದನ್ನು ಅಲ್ಲೇ ಬಿಟ್ಟು ಬಾಗಿಲಿಗೆ ಬೀಗ ಹಾಕಿ ಎಂಟು ಮೆಟ್ಟಿಲು ಇಳಿದ ಮೇಲೆ ಅವನು ನಿಂತ. ಮೊಹರಿಲ್ಲದೆ ಮನೆಯೊಡೆಯರ ಮನೆಗೆ ಹೋಗುವುದೆಂದರೆ, ಮಾತಿಗೆ ಮೊದಲೇ ಬಾಗಿಲು ಮುಚ್ಚಿದಂತೆ. ಜಗಳಕ್ಕೆ ಬಂದಿದ್ದಾನೆ ಎಂದುಕೊಳ್ಳುತ್ತಾರೆ. ಹತ್ತಿರ ಇರಲಿ, ಒತ್ತದಿದ್ದರಾಯಿತು. ಹಿಂದಕ್ಕೆ ಹತ್ತಿ ಹೋಗಿ, ಅದೇ ಖಾನೆಯಲ್ಲಿದ್ದ ಬಾಡಿಗೆ ಪುಸ್ತಕವನ್ನೂ ಸೇರಿಸಿ ತಂದ. ಪೇಟೆ ಬೀದಿಯಲ್ಲಿ ತಿಂಡಿಯಂಗಡಿಯ ಮುಂದೆ ಇನ್ನೊಂದು ವಾದ ಶುರುವಾಯಿತು. ಡಬ್ಬಿ ಮಗನಿಗಲ್ಲ, ಅಜ್ಜಿಗೆ. ಸತ್ತವಳ ಪಟದ ಮುಂದೆ ಬರಿಗೈಯಲ್ಲಿ ಕೂರುವುದು ಹೇಗೆ? ಅಜ್ಜಿಗೆ ಮೊನಾಕ ಇಷ್ಟ, ಗರಿಗರಿ ಅಕ್ಕಿ ಹಾಳೆಯ ನಡುವೆ ಸಿಹಿ ಹುರುಳಿ ಹೂರಣ. ಒಂಬತ್ತರ ಡಬ್ಬಿ ಸಾವಿರದ ಎಂಟುನೂರು. ಆರರದ್ದೂ ಇತ್ತು, ಆದರೆ ಅಂಗಡಿಯವಳು ಇವನ ಕಣ್ಣು ನೋಡಿ, “ಪೂಜೆಗಾ?” ಎಂದು ಮೆತ್ತಗೆ ಕೇಳಿದಳು, ಹಾಗೆ ಕೇಳಿದ ಮೇಲೆ ಆರು ಎನ್ನಲಾಗಲಿಲ್ಲ. ಡಬ್ಬಿಯ ಚೀಲ ಎಡಗೈಯಲ್ಲಿ, ಮೊಹರು ಕೋಟಿನ ಜೇಬಿನಲ್ಲಿ, ಬೂಟು ಕಾಲಲ್ಲಿ. ಇಗರಾಶಿಯವರ ಗೇಟು ತಲುಪುವ ಹೊತ್ತಿಗೆ ಶಿಗೆತಾ ಹೇಳಿದ್ದರಲ್ಲಿ ಅವನಲ್ಲಿ ಉಳಿದಿದ್ದದ್ದು ಬೆಂಡು ಮೂಲಂಗಿಯ ಕಥೆಯೊಂದೇ.

ಮಗನ ಹೆಂಡತಿ ಮಿಚಿಯೊ ಬಾಗಿಲು ತೆರೆದಳು. ಐವತ್ತರ ಆಸುಪಾಸು, ಅಡುಗೆ ಬಟ್ಟೆಯನ್ನು ಅವಸರದಲ್ಲಿ ಬಿಚ್ಚುತ್ತಲೇ ನಮಸ್ಕರಿಸಿದಳು. ಒಳಗೆ ಅಜ್ಜಿಯ ಮನೆಯ ವಾಸನೆ ಇರಲಿಲ್ಲ, ಹೊಸ ಚಾಪೆಯ ವಾಸನೆ ಇತ್ತು. ದೇವರ ಗೂಡಿನಲ್ಲಿ ಈಗ ಎರಡು ಪಟ, ಗಂಡನದರ ಪಕ್ಕ ಅಜ್ಜಿಯದು. ಕುಸಾಕಾ ಮಂಡಿಯೂರಿ ಡಬ್ಬಿ ಇಟ್ಟು, ಊದುಕಡ್ಡಿ ಹಚ್ಚಿ, ಗಂಟೆ ಬಾರಿಸಿ ಕೈಮುಗಿದ. ಏನನ್ನಾದರೂ ನೆನೆಯಬೇಕು ಎನ್ನುವಷ್ಟರಲ್ಲಿ ಊದುಕಡ್ಡಿಯ ಹೊಗೆ ಮೂಗಿಗೆ ಹೋಗಿ, ಬೆಳಿಗ್ಗೆಯಿಂದ ತಡೆದಿದ್ದ ಕಣ್ಣು ಎರಡೂ ಕಡೆ ಸುರಿಯತೊಡಗಿತು. ಮೂಗೂ ಇಳಿಯಿತು. ಮೇಲಕ್ಕೆಳೆದುಕೊಂಡರೆ ಬಿಕ್ಕಿದಂತೆ ಸದ್ದಾಯಿತು. ಹಿಂದಿನಿಂದ ಮಿಚಿಯೊ ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನು ಚಾಪೆಯ ಮೇಲೆ ನಿಧಾನವಾಗಿ ಮುಂದಕ್ಕೆ ಸರಿಸಿದಳು.

“ಅತ್ತೆ ಪುಣ್ಯ ಮಾಡಿದ್ರು,” ಎಂದಳು. ಅವಳ ದನಿಯೂ ಒದ್ದೆಯಾಗಿತ್ತು.

ಇದು ಸುಗಿ ಧೂಳು ಎನ್ನಬೇಕಿತ್ತು. ಕುಸಾಕಾ ಹಾಗೆನ್ನದೆ ಎರಡು ಹಾಳೆ ಎಳೆದುಕೊಂಡ.

ಮಗ ಯೋಶಿನೋರಿ ಒಳಗಿಂದ ಬಂದು ಎದುರು ಕೂತ. ದಂತವೈದ್ಯರಿಗೆ ಕುರ್ಚಿ ಮಾರುವ ಕೆಲಸ, ಮಾತು ಮೃದು. ಕೆಟ್ಟವನಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡ ಕುಸಾಕಾ.

“ಕಾಗದ ನೋಡಿ ಬೇಜಾರಾಯ್ತೇನೋ,” ಎಂದ ಯೋಶಿನೋರಿ. “ಮುಖಾಮುಖಿ ಬಂದು ಹೇಳಬೇಕಾಗಿತ್ತು, ತಪ್ಪಾಯ್ತು. ನೇರವಾಗೇ ಹೇಳ್ಬಿಡ್ತೀನಿ. ಆಸ್ತಿ ತೆರಿಗೆ ಬಂದಿದೆ. ಹೊರಗಿನ ಮೆಟ್ಟಿಲು ತುಕ್ಕು ಹಿಡಿದು ನಿಂತಿದೆ. ಯಾರನ್ನ ಕೇಳೋದು ಅಂತ ನಾನೂ ಇವಳೂ ಎಷ್ಟು ದಿನ ಯೋಚನೆ ಮಾಡಿದ್ವಿ. ಕೆಳಗಡೆ ನರ್ಸು, ಪಾಪ, ಮಗು ಬೇರೆ ಇದೆ. ಆಮೇಲೆ ಪಟ್ಟಿ ನೋಡಿದ್ವಿ.”

ಮಿಚಿಯೊ ಎದ್ದು ಗೂಡಿನ ಕೆಳಗಿನ ಖಾನೆಯಿಂದ ಸಂತಾಪದ ಪಟ್ಟಿ ತಂದಳು. ಕುಸಾಕಾ ನೋಡಬಾರದೆಂದುಕೊಂಡೂ ನೋಡಿದ. ಕುಂಚದ ಬರಹ, ಹೆಸರುಗಳ ಸಾಲು, ನಡುವೆ ತನ್ನ ಹೆಸರು, ಕೆಳಗೆ ಐವತ್ತು ಸಾವಿರ.

“ಅಮ್ಮನ ಸ್ವಂತ ತಮ್ಮ ಕೊಟ್ಟಿದ್ದು ಮೂವತ್ತು,” ಎಂದ ಯೋಶಿನೋರಿ. “ಹೊರಗಿನೋರಲ್ಲಿ ನಿಮ್ಮಷ್ಟು ಯಾರೂ ಇಟ್ಟಿಲ್ಲ. ನನಗೆ ನಾಚಿಕೆ ಆಯ್ತು ಕುಸಾಕಾಸಾನ್. ನಾನು ತಿಂಗಳಿಗೊಂದು ಫೋನ್ ಮಾಡಿದ್ರೆ ಹೆಚ್ಚು. ನೀವು ತಿಂಗಳು ತಿಂಗಳು ಬಂದು ಚಹಾ ಕುಡಿದು ಮಾತಾಡಿಸ್ಕೊಂಡು ಹೋಗ್ತಿದ್ರಿ ಅಂತ ಅಮ್ಮ ಹೇಳ್ತಿದ್ಲು. ಕೊನೆಕೊನೆಗೆ ನನ್ನ ಹೆಸರು ಮರೆತ್ಲು, ನಿಮ್ಮ ಹೆಸರು ಮರೀಲಿಲ್ಲ. ಇಷ್ಟು ಮನಸ್ಸಿರೋರಾದ್ರೆ ನಮ್ಮ ಕಷ್ಟ ಅರ್ಥ ಮಾಡ್ಕೋತಾರೆ ಅಂತ ಇವಳೇ ಹೇಳಿದ್ದು.”

ಈಗ ಹೇಳಬೇಕು. ಒಪ್ಪುವುದಿಲ್ಲ. ತಟ್ಟೆಯಲ್ಲಿ ಚಹಾದ ಜೊತೆ ಸೌತೆಯ ಉಪ್ಪಿನಕಾಯಿ ಬಂತು. ಅಜ್ಜಿಯ ಜಾಡಿಯದೇ ಇರಬೇಕು, ಸತ್ತವಳ ಕೈಯ ಉಪ್ಪು. ಕುಸಾಕಾ ಆ ಹೋಳುಗಳನ್ನು ನೋಡಿದ. ಒಂದನ್ನು ಬಾಯಿಗಿಟ್ಟುಕೊಂಡರೆ ಮತ್ತೆ ಮಾತಾಡಬೇಕಾಗಿಲ್ಲ. ಇಟ್ಟುಕೊಳ್ಳಲಿಲ್ಲ. ಅವನ ಜೀವಮಾನದಲ್ಲಿ ಅವನು ತೋರಿದ ಧೈರ್ಯಗಳಲ್ಲಿ ಅದೇ ದೊಡ್ಡದು, ನೋಡುವವರಿಗೆ ಮಾತ್ರ ಒಬ್ಬ ಮುದುಕ ಉಪ್ಪಿನಕಾಯಿ ಬೇಡವೆಂದಂತೆ ಕಂಡಿರಬೇಕು. ಇದ್ದದ್ದನ್ನು ಹೇಳಿಬಿಟ್ಟರೆ ಪಾಪವೂ ಇಳಿಯುತ್ತದೆ, ತಾನು ಹಣವಂತನಲ್ಲವೆಂಬುದೂ ತಿಳಿಯುತ್ತದೆ, ಬಾಡಿಗೆಯೂ ಉಳಿಯುತ್ತದೆ ಎಂಬ ಆಸೆಯೊಂದು ಇದ್ದಕ್ಕಿದ್ದಂತೆ ಎದೆಯಲ್ಲಿ ಬೆಳಕಾಯಿತು. ಒಳ್ಳೆಯವರು, ಕ್ಷಮಿಸುತ್ತಾರೆ. ಅತ್ತೆ ಪುಣ್ಯ ಮಾಡಿದ್ರು ಎಂದವಳು ಅಲ್ಲವೇ.

“ಅದು ಸಂತಾಪದ ದುಡ್ಡಲ್ಲ,” ಎಂದ ಕುಸಾಕಾ.

ಇಬ್ಬರೂ ಅವನನ್ನು ನೋಡಿದರು.

“ಬಾಡಿಗೆ. ಎರಡು ವರ್ಷದ ಹಿಂದಿನ ಸೆಪ್ಟೆಂಬರ್ ತಿಂಗಳ ಬಾಡಿಗೆ. ಅಜ್ಜಿ ಮರೆತು ಆಗಸ್ಟಿನ ಜೊತೆ ಅದಕ್ಕೂ ಮೊಹರು ಒತ್ತಿಬಿಟ್ರು. ನಾನು ನೋಡಿದೆ. ನೋಡಿ ಸುಮ್ಮನಿದ್ದೆ. ಕೊಡಲಿಲ್ಲ. ಆಮೇಲೆ ಪ್ರತಿ ತಿಂಗಳೂ ಹೇಳಬೇಕು ಅಂತಲೇ ಬರ್ತಿದ್ದೆ.” ಜೇಬಿನಿಂದ ಬಾಡಿಗೆ ಪುಸ್ತಕ ತೆಗೆದು ಆ ಪುಟ ಬಿಡಿಸಿ ಚಾಪೆಯ ಮೇಲಿಟ್ಟ. ಅಕ್ಕಪಕ್ಕದ ಎರಡು ಚೌಕ, ಎರಡನೆಯ ಮೊಹರು ಸ್ವಲ್ಪ ಹೆಚ್ಚು ಕೆಂಪು. “ನಾನು ಅನುಕೂಲಸ್ಥ ಅಲ್ಲ. ಸೈಕಲ್ ಸ್ಟ್ಯಾಂಡಲ್ಲಿ ಕೆಲಸ ಮಾಡ್ತೀನಿ. ಎಪ್ಪತ್ತೆರಡು ನನ್ನ ಕೈಲಿ ಆಗಲ್ಲ.”

ಹೇಳಿ ಮುಗಿಸಿ ಅವನು ಹಣೆ ಚಾಪೆಗೆ ತಾಗುವಂತೆ ಬಾಗಿದ. ಹೊಸ ಚಾಪೆ, ಹುಲ್ಲಿನ ವಾಸನೆ. ಅಡುಗೆಮನೆಯ ಫ್ರಿಜ್ಜು ಒಮ್ಮೆ ನಡುಗಿ ನಿಂತಿತು. ಕ್ಷಮಿಸಿದ್ದೇವೆ ಎಂಬ ಮಾತು ತಲೆಯ ಮೇಲಿಂದ ಬೀಳುವುದನ್ನು ಕಾಯುತ್ತ ಅವನು ಹಾಗೆಯೇ ಇದ್ದ.

“ಏಳಿ, ಏಳಿ, ಹಾಗೆಲ್ಲ ಮಾಡ್ಬೇಡಿ,” ಎಂದ ಯೋಶಿನೋರಿ ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. “ಹೇಳಿದ್ದು ಒಳ್ಳೇದಾಯ್ತು. ಹಾಗಾದ್ರೆ... ಐವತ್ತೆಂಟರಲ್ಲಿ ಐವತ್ತು ಬಂತು.”

“ಎಂಟು,” ಎಂದಳು ಮಿಚಿಯೊ. ಹೇಳಿದ ಮೇಲೆ ಅವಳೇ ಬಾಯಿಗೆ ಕೈ ಅಡ್ಡ ಹಿಡಿದಳು.

“ಎಂಟು ಕೊಡ್ತೀನಿ,” ಎಂದ ಕುಸಾಕಾ.

“ಆಗಬಹುದು, ಆತುರ ಏನಿಲ್ಲ. ಆದ್ರೆ ಈ ಪಟ್ಟಿ...” ಯೋಶಿನೋರಿ ಹೆಂಡತಿಯ ಮುಖ ನೋಡಿದ. “ತೆರಿಗೆ ಲೆಕ್ಕ ಬರೆಯೋರು ಕೇಳಿದ್ರು. ಸಂತಾಪದ ದುಡ್ಡು ಬೇರೆ, ಬಾಡಿಗೆ ಬಂದಿದ್ದು ಬೇರೆ. ಸರಿಮಾಡ್ಬೇಕಾಗುತ್ತೆ.”

ಮಿಚಿಯೊ ಅಳತೆಪಟ್ಟಿ ಮತ್ತು ಪೆನ್ನು ತಂದಳು. ಪಟ್ಟಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಅಳತೆಪಟ್ಟಿಯನ್ನು ಕುಸಾಕಾನ ಹೆಸರಿನ ಕೆಳಗಿನ ಮೊತ್ತಕ್ಕೆ ಸರಿಯಾಗಿ ಹಿಡಿದು, ಎರಡು ನೇರ ಗೆರೆ ಎಳೆದಳು. ಅವಳು ಎಲ್ಲ ಕೆಲಸವನ್ನೂ ಅಚ್ಚುಕಟ್ಟಾಗಿ ಮಾಡುವವಳು. ಹೆಸರು ಉಳಿಯಿತು. ಹೆಸರಿನ ಕೆಳಗೆ ಏನೂ ಉಳಿಯಲಿಲ್ಲ. ಮೂರು ಸಾವಿರ ಇಟ್ಟ ನರ್ಸಮ್ಮನ ಹೆಸರು ಎರಡು ಸಾಲಿನಾಚೆ ಕ್ಷೇಮವಾಗಿತ್ತು. ಇಪ್ಪತ್ತೇಳು ವರ್ಷ ತನ್ನ ಚಹಾ ಕುಡಿದವನು ಸತ್ತಾಗ ಬರಿಗೈಯಲ್ಲಿ ಬಂದ ಎಂದು ಪಟದೊಳಗಿನ ಅಜ್ಜಿ ಈಗ ತಿಳಿದುಕೊಂಡಿರಬೇಕು. ಕುಸಾಕಾನ ತಲೆಗೆ ಇದೊಂದು ಲೆಕ್ಕ ಬಂದಿರಲೇ ಇಲ್ಲ. ಒಂದೇ ಹಣ ಎರಡು ಕಡೆ ನಿಲ್ಲುವುದಿಲ್ಲ ಎಂಬುದು ಎಳೆ ಮಗುವಿಗೂ ಗೊತ್ತು, ಅವನಿಗೆ ಗೊತ್ತಾಗಲು ಅಳತೆಪಟ್ಟಿ ಬೇಕಾಯಿತು.

“ಆ ಉಡುಗೊರೆ ಪುಸ್ತಕ,” ಎಂದ ಅವನು. “ಕಾರ್ಡು ಇನ್ನೂ ಕಳಿಸಿಲ್ಲ. ವಾಪಸ್ ತಂದ್ಕೊಡ್ತೀನಿ.”

“ಅಯ್ಯೋ ಬೇಡಿ, ಇರ್ಲಿ, ಇರ್ಲಿ,” ಎಂದಳು ಮಿಚಿಯೊ. ಸ್ವಲ್ಪ ಹೊತ್ತು ಬಿಟ್ಟು, “ತೊಂದರೆ ಆಗಲ್ಲ ಅಂದ್ರೆ...” ಎಂದಳು.

ಯೋಶಿನೋರಿ ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಕೂತ. ಕುರ್ಚಿ ಕೊಳ್ಳಲಾರದ ದಂತವೈದ್ಯನ ಮುಂದೆ ಹೀಗೆಯೇ ಕೂರುತ್ತಾನೇನೋ. “ತಪ್ಪು ತಿಳೀಬೇಡಿ ಕುಸಾಕಾಸಾನ್. ಆಗದೇ ಇರೋರನ್ನ ಜಾಸ್ತಿ ಕೇಳಿದ್ದು ನಮ್ಮ ತಪ್ಪು. ಎಪ್ಪತ್ತೆರಡು ಬಿಡಿ. ಆದ್ರೆ ನಾನೂ ಈಗ ಬೇರೆ ಥರ ಯೋಚನೆ ಮಾಡ್ಬೇಕು. ಕರಾರು ಹೆಂಗೂ ಜೂನ್‌ಗೆ ಮುಗಿಯುತ್ತೆ. ನಿಮಗೂ ವಯಸ್ಸಾಯ್ತು, ಆ ಮೆಟ್ಟಿಲು, ಒಬ್ರೇ ಇರೋದು... ಅಮ್ಮ ಇದ್ದಾಗ ಅವಳು ನೋಡ್ಕೋತಿದ್ಲು. ನಾವು ದೂರದಿಂದ ಬಂದೋರು, ನಮಗೆ ನಂಬಿಕೆ ಮೇಲೆ ನಡೆಸೋಕೆ ಗೊತ್ತಾಗಲ್ಲ. ವಯಸ್ಸಾದೋರಿಗೆ ಮನೆ ಹುಡುಕಿಕೊಡೋಕೆ ವಾರ್ಡ್ ಕಚೇರೀಲಿ ಒಂದು ವಿಭಾಗನೇ ಇದೆಯಂತೆ. ಬೇಕಾದ್ರೆ ನಾನೇ ಜೊತೇಲಿ ಬರ್ತೀನಿ.”

ನಂಬಿಕೆ ಎಂಬ ಮಾತನ್ನು ಅವನು ಒತ್ತಿ ಹೇಳಿರಲಿಲ್ಲ. ಕರಾರು ಮುಗಿದ ಮಾತ್ರಕ್ಕೆ ಯಾರೂ ಯಾರನ್ನೂ ಎಬ್ಬಿಸುವ ಹಾಗಿಲ್ಲ ಎಂದು ಶಿಗೆತಾ ಇದ್ದಿದ್ದರೆ ಹೇಳುತ್ತಿದ್ದಳು. ಶಿಗೆತಾ ಯಾರ ಬಾಡಿಗೆಯನ್ನೂ ನುಂಗಿದವಳಲ್ಲ. ಕುಸಾಕಾನಿಗೆ ಕಂಡದ್ದು ಪೆನ್ನಿನ ಮುಚ್ಚಳ ಮತ್ತು ಹಬೆಯಾಡುವ ಚಹಾ. ಒಂದು ಅಂಗಡಿ, ಇನ್ನೊಂದು ಅಂಗಡಿ, ಎಲ್ಲ ಕಡೆಯೂ ಚಹಾ. ಪಶ್ಚಿಮದ ಕಿಟಕಿಯಲ್ಲಿ ಇಪ್ಪತ್ತೇಳು ವರ್ಷ ಬಟ್ಟೆ ಒಣಗಿಸಿದ ಬಿದಿರಿನ ಗಳ. ಐದನೇ ಮೆಟ್ಟಿಲು ಮಾಡುವ ಸದ್ದು. ಅವನ ಕೈ ತಾನಾಗಿಯೇ ಜೇಬಿಗೆ ಹೋಯಿತು.

“ಕೊಡ್ತೀನಿ,” ಎಂದ.

“ಏನನ್ನ?”

“ಎಪ್ಪತ್ತೆರಡು. ಕೊಡ್ತೀನಿ. ಆಗುತ್ತೆ. ಇನ್ನೆರಡು ದಿನ ಕೆಲಸ ಜಾಸ್ತಿ ಕೇಳ್ತೀನಿ. ಬ್ಯಾಂಕಿಗೇ ಕಟ್ತೀನಿ, ಒಂದನೇ ತಾರೀಕಿಗೆ. ಕಾಗದ ಕೊಡಿ, ಮೊಹರು ತಂದಿದೀನಿ.”

“ಕುಸಾಕಾಸಾನ್, ಈಗ ತಾನೇ ಆಗಲ್ಲ ಅಂದ್ರಲ್ಲ. ಬಲವಂತ ಬೇಡ.”

“ಬಲವಂತ ಅಲ್ಲ. ದಯವಿಟ್ಟು ಕೊಡೋಕೆ ಬಿಡಿ.” ಅವನು ಮತ್ತೆ ಬಾಗಿದ. ಈ ಸಲ ಬಾಗುವುದು ಸುಲಭವಾಯಿತು. “ದಯವಿಟ್ಟು. ಎಪ್ಪತ್ತೆರಡು ತಗೊಳ್ಳಿ.”

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಇಷ್ಟು ಕೇಳಿಕೊಂಡ ಮೇಲೆ ಇಲ್ಲವೆನ್ನುವುದು ಅವರಿಗೂ ಕಷ್ಟವಾಗಿರಬೇಕು. ಮಿಚಿಯೊ ಒಳಗಿಂದ ಕಾಗದ ತಂದಳು, ಅದು ಮೊದಲೇ ಸಿದ್ಧವಾಗಿತ್ತು. ಕೆಂಪಿನ ಡಬ್ಬಿಯನ್ನೂ ತಂದಳು. ಅಜ್ಜಿಯದೇ ಡಬ್ಬಿ, ಮುಚ್ಚಳದ ಅಂಚು ಮುರಿದದ್ದು. ಕುಸಾಕಾ ಮೊಹರನ್ನು ಅದ್ದಿ ತೋರಿಸಿದ ಜಾಗದಲ್ಲಿ ಒತ್ತಿದ, ಅಜ್ಜಿಯ ಹಳೆಯ ಅಭ್ಯಾಸದಂತೆ ಬಾಯಿಯಿಂದ ಊದಿದ. ಎರಡನೇ ಪ್ರತಿಗೂ ಒತ್ತಿದ. “ತುಂಬಾ ಉಪಕಾರವಾಯ್ತು,” ಎಂದ. ನಿಜವಾಗಿಯೂ ಉಪಕಾರವೆಂದೇ ಅನ್ನಿಸಿತು, ಎದೆ ಹಗುರಾಯಿತು, ಮತ್ತು ಆ ಹಗುರಕ್ಕೆ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

ಎದ್ದು ನಿಂತಾಗ ಒಂದು ಕಾಲು ಜೋಮು ಹಿಡಿದಿತ್ತು. ಬಾಗಿಲ ತನಕ ಹೋದವನು ತಿರುಗಿದ.

“ಇನ್ನೊಂದ್ಸಲ ಅಜ್ಜಿಗೆ ಕೈಮುಗಿದು ಹೋಗಲಾ?”

“ಅದಕ್ಕೇನಂತೆ,” ಎಂದಳು ಮಿಚಿಯೊ. ಅಷ್ಟರಲ್ಲಿ ಅವಳು ಚಹಾದ ಬಟ್ಟಲುಗಳನ್ನು ತಟ್ಟೆಗೆ ಜೋಡಿಸಿಕೊಳ್ಳುತ್ತಿದ್ದಳು. ಮುಟ್ಟದ ಸೌತೆ ಹೋಳುಗಳನ್ನೂ ಎತ್ತಿಕೊಂಡಳು.

ಕುಸಾಕಾ ಮತ್ತೆ ಮಂಡಿಯೂರಿದ. ಮೊನಾಕದ ಡಬ್ಬಿ ಅವನು ಇಟ್ಟಲ್ಲೇ ಇತ್ತು, ಅಂಗಡಿಯ ದಾರವನ್ನೂ ಬಿಚ್ಚಿರಲಿಲ್ಲ. ಈಗ ಅವನು ಅಜ್ಜಿಗೆ ಕೊಟ್ಟದ್ದೆಂದರೆ ಇದೊಂದೇ, ಒಂಬತ್ತು ಮೊನಾಕ. ಶಿಗೆತಾ ಬೇಡವೆಂದದ್ದನ್ನು ತಂದದ್ದು. ಗಂಟೆ ಬಾರಿಸಿದ. ಊದುಕಡ್ಡಿ ಹಚ್ಚಲಿಲ್ಲ, ಮೊದಲಿನದ್ದು ಆಗಲೇ ಬೂದಿಯಾಗಿತ್ತು. ಕೈಮುಗಿದಾಗ ಆಗಸ್ಟಿನ ಫ್ಯಾನು ನೆನಪಾಯಿತು, ಮೊಹರಿಗೆ ಉಸಿರೂದುವಾಗ ಅಜ್ಜಿಯ ಕೆನ್ನೆ ಉಬ್ಬುತ್ತಿದ್ದದ್ದು, ‘ಕುಸಾಕಾಸಾನ್ ಬಂದಿದಾರೆ ನೋಡಿ’ ಎಂದು ಪಟಕ್ಕೆ ಹೇಳುತ್ತಿದ್ದದ್ದು. ಭುಜ ಅಲುಗಿತು, ತಡೆಯಲು ಹೋದಷ್ಟೂ ಹೆಚ್ಚಾಯಿತು, ಕಣ್ಣೀರು ಗಲ್ಲದಿಂದ ಇಳಿದು ಹೊಸ ಚಾಪೆಯ ಮೇಲೆ ಬಿತ್ತು. ಕಾಗದದ ಕರವಸ್ತ್ರದ ಪೆಟ್ಟಿಗೆಯನ್ನು ಮಿಚಿಯೊ ಆಗಲೇ ಅದರ ಮೊದಲಿನ ಜಾಗಕ್ಕೆ ಎತ್ತಿಟ್ಟಿದ್ದಳು. ಕೈ ಚಾಚಿದರೆ ಸಿಗದಷ್ಟು ದೂರ.

ಮಿಚಿಯೊ ತಟ್ಟೆ ಹಿಡಿದು ಅವನ ಹಿಂದೆ ಹಾದುಹೋಗುವಾಗ ಒಂದು ಕ್ಷಣ ನಿಂತಳು.

“ಈ ವರ್ಷ ಸುಗಿ ಧೂಳು ಜಾಸ್ತಿ, ಅಲ್ವಾ?” ಎಂದಳು.

“ಹೌದು,” ಎಂದ ಕುಸಾಕಾ. “ಈ ವರ್ಷ ಜಾಸ್ತಿ.”